ಉಪ್ಪುಕೆರೆಯ ನೆಂಟ

ಡಲ್ಸಿ ನೋವಾಕ್ ಮದುವೆಯಾಗಿ ಕಾರವೀನಾ ಕುರಿಹಟ್ಟಿಗೆ ಬಂದ ಮೊದಲ ಬೇಸಿಗೆಯಲ್ಲೇ ಮಾನ ಕಳೆದುಕೊಂಡಳು. ಅದೂ ಒಂದು ಕಾಗೆಯ ದೆಸೆಯಿಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಕಾಗೆಗೆ ಹೋದ ಮಾನಕ್ಕೆ ಏನು ಕೊಡಬೇಕೆಂದು ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ದ್ರಾಕ್ಷಿ ತೋಟಗಳ ಬರೋಸಾ ಕಣಿವೆಯ ಹುಡುಗಿ. ಅಲ್ಲಿ ಯಾವ ವಸ್ತುವೂ ಒಂಟಿಯಾಗಿ ಇರುವುದಿಲ್ಲ. ಚರ್ಚಿನ ಪಕ್ಕಕ್ಕೆ ಮರ, ಮರದ ಪಕ್ಕಕ್ಕೆ ಬೇಲಿ, ಬೇಲಿಯ ಪಕ್ಕಕ್ಕೆ ಹಸು. ಯಾವುದು ಎಷ್ಟು ದೊಡ್ಡದು ಎಂದು ಕಣ್ಣು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಪಕ್ಕದ್ದೇ ಹೇಳಿಬಿಡುತ್ತದೆ. ಕಾರವೀನಾದಲ್ಲಿ ಹಾಗಲ್ಲ. ಬಟ್ಟೆ ಒಣಹಾಕುವ ತಂತಿ ಮುಗಿದ ಕಡೆ ಉಪ್ಪುಕೆರೆ ಶುರುವಾಗುತ್ತದೆ. ಕೆರೆ ಎನ್ನುವುದು ಹೆಸರಿಗಷ್ಟೆ. ನೀರು ಯಾವಾಗಲೋ ಒಮ್ಮೆ, ಅದಕ್ಕೇ ನೆನಪಾದಾಗ ಬರುತ್ತದೆ. ಉಳಿದಂತೆ ಬೆಳ್ಳಗಿನ ಉಪ್ಪು, ಆಕಾಶದವರೆಗೂ ಉಪ್ಪು, ಅದರ ಮೇಲೆ ಕುಣಿಯುವ ಬಿಸಿಲ್ಗುದುರೆ.

ಆ ದಿನ ಹೊಸ ಮದುವಣಗಿತ್ತಿ ಬಟ್ಟೆ ಹರವುತ್ತಿದ್ದಾಗ ಕೆರೆಯ ನಡುವೆ ಕಪ್ಪು ಬಟ್ಟೆ ತೊಟ್ಟ ಎತ್ತರದ ಮನುಷ್ಯನೊಬ್ಬ ತೂರಾಡುತ್ತ ನಿಂತಿದ್ದು ಕಂಡಿತು. ಬುಟ್ಟಿ ಎಸೆದು ಓಡಿಹೋಗಿ, ಬೆಂಕಿ ಬಿದ್ದಾಗ ಮಾತ್ರ ಬಾರಿಸುವ ಗಂಟೆಯನ್ನು ಬಾರಿಸಿಬಿಟ್ಟಳು. ಉಣ್ಣೆ ಕತ್ತರಿಸುವವರು ಅರ್ಧ ಬೋಳಿಸಿದ ಕುರಿಗಳನ್ನು ಬಿಟ್ಟು ಬಂದರು. ಹಟ್ಟಿಯ ಯಜಮಾನ ಹರ್ಟಲ್ ಪೆನ್‌ರೋಸ್ ಲಾರಿ ಹೊರಡಿಸಿದ. ನೀರಿನ ಚೀಲ, ಕಂಬಳಿ, ಬ್ರಾಂದಿ, ಎಲ್ಲವೂ ಹೊರಟವು. ನೋಡಿದರೆ, ಕೂಗಳತೆಗಿಂತ ತುಸು ಆಚೆಗೆ ಸತ್ತ ಮೊಲದ ಮೇಲೆ ಒಂದು ಕಾಗೆ. ಊಟಕ್ಕೆ ಕೂತವರನ್ನು ಎಬ್ಬಿಸಿದ ಹಾಗೆ ಸಿಟ್ಟಿನಿಂದ ಎಲ್ಲರನ್ನೂ ನೋಡಿ ಅದು ಹಾರಿಹೋಯಿತು.

"ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದ ಹರ್ಟಲ್, ಬ್ರಾಂದಿಯನ್ನು ತಾನೇ ಕುಡಿದು. "ಯಾರಮ್ಮಾ ಅದು, ನಿನ್ನ ತವರು ಕಡೆಯವನಾ?"

"ನೆಂಟ ಬಾಸ್, ನೆಂಟ!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ ಕ್ಲಾರಿ. "ಡಲ್ಸಿಯ ನೆಂಟ. ಪಾಪ, ಊಟ ಮಾಡ್ಕೊಂಡು ಬರೋಣ ಅಂತಿದ್ದ."

ಅವತ್ತಿನಿಂದ ಕೆರೆಯ ಮೇಲೆ ಕಪ್ಪಗೆ ಕಂಡದ್ದಕ್ಕೆಲ್ಲ ಅದೇ ಹೆಸರು. ಕಾಗೆ ಕರೆದರೆ ಮನೆಗೆ ನೆಂಟರು ಬರುತ್ತಾರೆ ಎಂದು ನಾವು ಕೇಳಿದ್ದೇವೆ. ಕಾಗೆಯೇ ನೆಂಟನಾದದ್ದು ಕಾರವೀನಾದಲ್ಲಿ.

ಕ್ಲಾರಿ ಗಾಳಿಯಂತ್ರಗಳನ್ನು ನೋಡಿಕೊಳ್ಳುವವನು. ಕುರಿಗಳಿಗೆ ನೀರೆತ್ತುವ ಯಂತ್ರಗಳು ಕೆರೆಯ ಸುತ್ತ ಚದುರಿದ್ದವು. ಮೋಟಾರು ಬೈಕಿನಲ್ಲಿ ಒಂದೊಂದಕ್ಕೂ ಹೋಗಿ ಎಣ್ಣೆ ಹಾಕಿ, ಪಂಪಿನ ತೊಗಲಿನ ಬಿಲ್ಲೆ ಬದಲಿಸಿ ಬರುವುದು ಅವನ ಕೆಲಸ. ಒಮ್ಮೆ ಹೊರಟರೆ ಬರುವುದು ವಾರದ ಕೊನೆಗೆ. ಮಾತಿನಲ್ಲಿ ಹರಿತ, ಮನಸ್ಸಿನಲ್ಲಿ ಬೆಣ್ಣೆ. ಅವತ್ತು ಸಂಜೆ ಹೆಂಡತಿ ಮುಖ ಊದಿಸಿಕೊಂಡು ಆಲೂಗಡ್ಡೆ ಹೆಚ್ಚುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತ.

"ನಿನ್ನ ಕಣ್ಣಿನ ತಪ್ಪಲ್ಲ ಕಣೇ," ಎಂದ. "ಇಲ್ಲಿ ಒಂದರ ಪಕ್ಕ ಇನ್ನೊಂದಿಲ್ಲ. ಎಷ್ಟು ದೂರ ಇದೆ ಅಂತ ಗೊತ್ತಿಲ್ಲದಿದ್ರೆ ಎಷ್ಟು ದೊಡ್ಡದು ಅಂತ ಹೆಂಗೆ ಗೊತ್ತಾಗ್ಬೇಕು? ಹತ್ತಿರದ ಕಾಗೆ, ದೂರದ ಮನುಷ್ಯ, ಎರಡೂ ಒಂದೇ. ಬಿಸಿಲು ಬೇರೆ ಹಿಡಿದು ಉದ್ದಕ್ಕೆ ಎಳೆಯುತ್ತೆ."

"ಮತ್ತೆ ನಿಮಗೆಲ್ಲ ಹೆಂಗೆ ಗೊತ್ತಾಗುತ್ತೆ?"

"ಸುಮ್ನೆ ನಿಂತು ನೋಡ್ಬೇಕು. ಅವಸರ ಮಾಡ್ಬಾರ್ದು. ಸ್ವಲ್ಪ ಹೊತ್ತಿಗೆ ರೆಕ್ಕೆ ಬಿಚ್ಚುತ್ತೆ. ರೆಕ್ಕೆ ಬಿಚ್ತು ಅಂದ್ರೆ ಕಾಗೆ. ಅಷ್ಟೇ ವಿದ್ಯೆ."

ಮಾರನೆಯ ವಾರವೇ ಅವನು ಮನೆಯಿಂದ ಕೆರೆಯ ಆಚೆ ದಡದ ಕಡೆಗೆ ಎಣ್ಣೆಯ ಖಾಲಿ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿದ. ಪೀಪಾಯಿಯ ಪಕ್ಕ ನಿಂತದ್ದು ಪೀಪಾಯಿಗಿಂತ ಎತ್ತರವಿದ್ದರೆ ಮನುಷ್ಯ, ಗಿಡ್ಡವಿದ್ದರೆ ಕಾಗೆ. ಹೆಂಡತಿಗೋಸ್ಕರ ಮಾಡಿದ್ದು ಅದು, ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನು.

ವರ್ಷಗಳು ಹೋದವು. ನಡುವೆ ಯುದ್ಧ ಬಂದು ಹೋಯಿತು. ಅವರಿಗೆ ಮಕ್ಕಳಾಗಲಿಲ್ಲ, ಅವಳಿಗೆ ಅವನು, ಅವನಿಗೆ ಅವಳು ಎಂದಾಯಿತು. ಡಲ್ಸಿ ಹಟ್ಟಿಯ ಅಡುಗೆಮನೆಯ ಒಡತಿಯಾದಳು. ಕೆರೆಯ ವಿದ್ಯೆಯಲ್ಲಂತೂ ಗಂಡನನ್ನೂ ಮೀರಿಸಿದಳು. ನೀರಿನ ಟ್ಯಾಂಕಿನಂತೆ ಕಂಡದ್ದು ಜಾಮ್ ಡಬ್ಬಿ ಎಂದು ಅವಳು ಕೂತಲ್ಲಿಂದಲೇ ಹೇಳುತ್ತಿದ್ದಳು. ಲಾರಿ ಬರುತ್ತಿದೆಯೆಂದು ಹರ್ಟಲ್ ಟೋಪಿ ಹಾಕಿಕೊಂಡು ಹೊರಟರೆ, "ಕೂತ್ಕೊಳ್ಳಿ ಬಾಸ್, ಅದು ನೀವೇ ಬಿಸಾಕಿದ ಬೂಟು," ಎನ್ನುತ್ತಿದ್ದಳು. ಹೊಸಬರು ಯಾರೇ ಬಂದರೂ ಮೊದಲ ವಾರ ಒಂದು ಸಲ ಕೂಗಿಕೊಂಡು ಓಡುವುದು, ಡಲ್ಸಿ ಸೊಂಟದ ಮೇಲೆ ಕೈಯಿಟ್ಟು ನಗುವುದು ಹಟ್ಟಿಯ ಪದ್ಧತಿಯೇ ಆಗಿಹೋಯಿತು. ಒಮ್ಮೆ ನಗೆಗೀಡಾದವರೇ ಆಮೇಲೆ ಹೆಚ್ಚು ನಗುತ್ತಾರೆ. ಅವಳನ್ನೇನು ಅನ್ನುವುದು? ಕಳೆದ ಮಾನವನ್ನು ಚೂರುಚೂರಾಗಿ ಹೀಗೆ ವಾಪಸು ತಂದುಕೊಳ್ಳುತ್ತಿದ್ದಳು.

ಪೀಪಾಯಿಗಳನ್ನು ಮಾತ್ರ ಉಪ್ಪು ತಿಂದಿತು. ಒಂದೊಂದೇ ತುಕ್ಕು ಹಿಡಿದು ಬುಡ ಕಳಚಿ ಮಲಗಿದವು. "ಮುಂದಿನ ವಾರ ಹೊಸದು ನಿಲ್ಲಿಸ್ತೀನಿ," ಎಂದು ಕ್ಲಾರಿ ಹೇಳುತ್ತಲೇ ಬಂದ. ಯಾರೂ ಒತ್ತಾಯ ಮಾಡಲಿಲ್ಲ. ರೆಕ್ಕೆಯ ವಿದ್ಯೆ ಇದ್ದ ಮೇಲೆ ಪೀಪಾಯಿ ಯಾಕೆ?

ಆ ಬೇಸಿಗೆ ಹರ್ಟಲ್‌ನ ಮಕ್ಕಳಿಗೆ ಪಾಠ ಹೇಳಲು ಇಸ್ಬೆಲ್ ಟ್ರೆಗೆನ್ಜಾ ಎಂಬ ಹುಡುಗಿ ಬಂದಳು. ಕಡಲತೀರದ ಊರಿನವಳು, ಮಾತು ಮೆತ್ತಗೆ. ಕ್ಲಾರಿ ಕೆರೆಯಾಚೆಯ ಯಂತ್ರಗಳಿಗೆ ಹೋಗಿದ್ದ, ಶನಿವಾರಕ್ಕೆ ಬರುವವನು. ಗುರುವಾರ ಬೆಳಿಗ್ಗೆ ಡಲ್ಸಿ ಹಾಸಿಗೆ ಬಟ್ಟೆಗಳನ್ನು ಒಗೆದು ಹರವುತ್ತಿದ್ದಳು. ಇಸ್ಬೆಲ್ ಕೈಜೋಡಿಸಿದ್ದಳು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

"ಮಿಸೆಸ್ ನೋವಾಕ್, ಅಲ್ಲಿ ಯಾರೋ ಬರ್ತಿದ್ದಾರೆ."

ಡಲ್ಸಿ ತಿರುಗಿಯೂ ನೋಡಲಿಲ್ಲ. "ಬಂದನಾ? ನಿನಗಿನ್ನೂ ಕಂಡಿಲ್ವಲ್ಲ ಅಂತ ಕಾಯ್ತಾ ಇದ್ದೆ."

"ಯಾರು?"

"ನನ್ನ ನೆಂಟ." ಈಗ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಿಳುಪಿನ ಮೇಲೆ ಕಪ್ಪಗೆ, ನೆಟ್ಟಗೆ ಒಂದು ಚೂರು. ತಲೆಯ ಕಡೆ ಅಗಲ, ಕೆಳಗೆ ಸಣ್ಣ. ಬಿಸಿಲ್ಗುದುರೆ ಅದನ್ನು ಎತ್ತಿ ಇಳಿಸಿ ಆಡಿಸುತ್ತಿತ್ತು. "ಕಾಗೆ ಅದು ಮಗಳೇ. ಮೊಲಾನೋ ಓತಿಕ್ಯಾತಾನೋ ಸಿಕ್ಕಿರ್ಬೇಕು."

"ಕಾಗೆ ಅಷ್ಟು ದೊಡ್ಡದಿರುತ್ತಾ? ಮನುಷ್ಯನ ಹಾಗೇ ಕಾಣುತ್ತೆ."

"ಎಲ್ಲರಿಗೂ ಹಾಗೇ ಕಾಣೋದು. ನನಗೂ ಕಂಡಿತ್ತು, ಗಂಟೆ ಬಾರಿಸಿ ಊರು ಕೂಡಿಸಿದ್ದೆ. ಅವಸರ ಮಾಡ್ಬೇಡ, ನಿಂತು ನೋಡು. ಈಗ ರೆಕ್ಕೆ ಬಿಚ್ಚುತ್ತೆ."

ಇಬ್ಬರೂ ನೋಡುತ್ತ ನಿಂತರು. ಆ ಕಪ್ಪು ಚೂರು ಎರಡು ಕಡೆಗೂ ಅಗಲವಾಯಿತು. ಮತ್ತೆ ಮಡಚಿಕೊಂಡಿತು. ಮತ್ತೆ ಅಗಲವಾಯಿತು.

"ನೋಡಿದ್ಯಾ?" ಎಂದಳು ಡಲ್ಸಿ, ತನ್ನ ಕೈಯಾರೆ ಹಾರಿಸಿದ ಹಕ್ಕಿಯೆಂಬಂತೆ.

ಇಸ್ಬೆಲ್‌ಗೆ ಸಮಾಧಾನವಾಗಲಿಲ್ಲ. "ಆದ್ರೂ ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ?"

"ಹೋಗು, ಹೋಗು! ಆಮೇಲೆ ನಿನ್ನ ಹೆಸರಲ್ಲೂ ಒಬ್ಬ ನೆಂಟ ಹುಟ್ಕೋತಾನೆ, ನೀನು ಮುದುಕಿ ಆಗೋವರೆಗೂ ಬಿಡಲ್ಲ. ಬಾ, ಟೀ ಕುಡಿಯೋಣ. ಸ್ಕೋನ್ ಬನ್ನು ಆರಿಹೋಗುತ್ತೆ."

ಕೊನೆಯ ದುಪ್ಪಟಿಗೆ ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋದರು. ಜಾಲರಿ ಬಾಗಿಲು ಹಿಂದಿನಿಂದ ಬಡಿದುಕೊಂಡಿತು. ಟೀ ಮುಗಿಸಿ ಡಲ್ಸಿ ಬುಟ್ಟಿ ತರಲು ಹೊರಬಂದಾಗ ಕೆರೆಯ ಮೇಲೆ ಏನೂ ಇರಲಿಲ್ಲ. ಹಾರಿಹೋಯಿತು ಎಂದುಕೊಂಡಳು.

ಶನಿವಾರ ಕ್ಲಾರಿ ಬರಲಿಲ್ಲ. ಬೈಕು ಕೈಕೊಟ್ಟಿರಬೇಕು ಎಂದರು. ಭಾನುವಾರ ಬೆಳಗಾಗುತ್ತಲೇ ಹರ್ಟಲ್ ಇಬ್ಬರು ಆಳುಗಳನ್ನು ಕರೆದುಕೊಂಡು ಲಾರಿಯಲ್ಲಿ ಹೊರಟ. ಮಧ್ಯಾಹ್ನಕ್ಕೆ ಮೊದಲೇ ಬಂದ. ಲಾರಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಓಡಿಸಿಕೊಂಡು ಬಂದದ್ದನ್ನು ನೋಡಿಯೇ ಡಲ್ಸಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

ನಡೆದದ್ದು ಇಷ್ಟು. ಆಚೆ ದಡದ ಕುರಿಗಾಹಿಯ ಹತ್ತಿರ ಕ್ಲಾರಿ, "ಕ್ರಿಕೆಟ್ ಶುರುವಾಗುತ್ತೆ, ರೇಡಿಯೋ ಕೇಳ್ಬೇಕು," ಎಂದು ಹೇಳಿ, ಬುಧವಾರವೇ ಕೆಲಸ ಮುಗಿಸಿ, ಸುತ್ತುದಾರಿ ಬಿಟ್ಟು ಕೆರೆಯ ಮೇಲೆಯೇ ಅಡ್ಡ ಹಾಯ್ದಿದ್ದ. ನಡುವೆ ಉಪ್ಪಿನ ಪದರ ಒಡೆದು ಬೈಕು ಕೆಸರಿಗೆ ಇಳಿದಿತ್ತು. ಬಿದ್ದ ಏಟಿಗೆ ಕಾಲು ಮುರಿದಿತ್ತು, ನೀರಿನ ಚೀಲ ಹರಿದಿತ್ತು. ಕಾಲೆಳೆದುಕೊಂಡು, ತೆವಳಿಕೊಂಡು, ಒಂದು ರಾತ್ರಿ ಪೂರ್ತಿ ಅವನು ಮನೆಯ ಕಡೆಗೆ ಬಂದಿದ್ದ. ಮನೆಗೆ ಇನ್ನೊಂದು ಮೈಲಿಯಿದ್ದಾಗ ಬಿದ್ದಿದ್ದ.

"ಕೋಟು?" ಎಂದು ಕೇಳಿದಳು ಡಲ್ಸಿ. ಯಂತ್ರದ ಕೆಳಗೆ ಹಾಸಿಕೊಂಡು ಮಲಗಲು ಕ್ಲಾರಿ ಒಂದು ಕಪ್ಪು ಮಳೆಕೋಟನ್ನು ಬೈಕಿಗೆ ಕಟ್ಟಿಕೊಂಡಿರುತ್ತಿದ್ದ.

ಹರ್ಟಲ್‌ಗೆ ಆ ಪ್ರಶ್ನೆ ಯಾಕೆಂದು ತಿಳಿಯಲಿಲ್ಲ. "ಬಿಸಿಲಿಗೆ ತಲೆ ಮೇಲೆ ಹೊದ್ಕೊಂಡಿದ್ದ ಅಂತ ಕಾಣುತ್ತೆ ತಾಯಿ. ಕೈಯಲ್ಲೇ ಇತ್ತು. ಎರಡೂ ಕೈಯಲ್ಲಿ ತುದಿ ಹಿಡ್ಕೊಂಡಿದ್ದ."

ಡಲ್ಸಿ ತಿರುಗಿ ಬಟ್ಟೆಯ ತಂತಿಯ ಕಡೆಗೆ ನೋಡಿದಳು.

ಪೋರ್ಟ್ ಆಗಸ್ಟಾ ಪಟ್ಟಣದಿಂದ ಪೊಲೀಸಿನವನು ಬಂದ. ಅವಳು ಒಂದನ್ನೂ ಮುಚ್ಚಿಡಲಿಲ್ಲ. ಕಂಡದ್ದು, ನಕ್ಕದ್ದು, ಟೀ ಕುಡಿದದ್ದು, ಎಲ್ಲ ಹೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿ, "ಯಾರಿಗಾದ್ರೂ ಹಾಗೇ ಕಾಣ್ತಿತ್ತು ಅಮ್ಮಾ. ಮನಸ್ಸಿಗೆ ಹಚ್ಕೋಬೇಡಿ," ಎಂದ. ಹರ್ಟಲ್ ಅದನ್ನೇ ಹೇಳಿದ. ಹರ್ಟಲ್‌ನ ಹೆಂಡತಿ ಅದನ್ನೇ ಹೇಳಿದಳು. ಇಸ್ಬೆಲ್ ಇನ್ನೂ ಮುಂದೆ ಹೋಗಿ, "ನಾನೇನೂ ಸರಿಯಾಗಿ ನೋಡ್ಲಿಲ್ಲ," ಎಂದು ಪೊಲೀಸಿನವನ ಮುಂದೆ ತಲೆ ತಗ್ಗಿಸಿದಳು. ಆ ದಯೆ ಡಲ್ಸಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ನೋಡಿದ್ದಳಲ್ಲ! ಮನುಷ್ಯ ಎಂದು ಮೊದಲು ಹೇಳಿದವಳೇ ಅವಳಲ್ಲವೇ? ಕೆರೆಯ ಗಂಧಗಾಳಿ ಇಲ್ಲದ ಹುಡುಗಿಯ ಕಣ್ಣಿಗೆ ಮನುಷ್ಯ ಮನುಷ್ಯನಾಗಿಯೇ ಕಂಡಿದ್ದ. ಕೆರೆಯನ್ನು ಅರೆದು ಕುಡಿದವಳು ಅವನನ್ನು ಕಾಗೆ ಮಾಡಿದಳು.

ಕ್ಲಾರಿಯನ್ನು ಹಟ್ಟಿಯ ಹಿಂದಿನ ಬೇಲಿಯೊಳಗೆ ಮಣ್ಣು ಮಾಡಿದರು. ಡಲ್ಸಿ ಅಡುಗೆಮನೆ ಬಿಡಲಿಲ್ಲ. ರೊಟ್ಟಿ ಸುಟ್ಟಳು, ಮಾಂಸ ಬೇಯಿಸಿದಳು, ತಾನು ತಿನ್ನಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಅವಳ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು, ಪ್ರಮಾಣಿಸಿ ನೋಡಲಿಲ್ಲ, ಹೋಗಿ ನೋಡೋಣ ಎಂದವಳನ್ನೂ ತಡೆದೆ. ಆದರೆ ಒಂದು ಮಾತು ಮಾತ್ರ ಅವಳನ್ನು ಇನ್ನೂ ನಿಲ್ಲಿಸಿತ್ತು. ಯಾರಿಗಾದರೂ ಹಾಗೇ ಕಾಣುತ್ತಿತ್ತು. ಅದು ನಿಜವಾಗಿದ್ದರೆ? ಆ ದೂರದಲ್ಲಿ ಕೋಟು ಬೀಸುವ ಮನುಷ್ಯನಿಗೂ ರೆಕ್ಕೆ ಬಿಚ್ಚುವ ಕಾಗೆಗೂ ದೇವರ ಕಣ್ಣಿಗೂ ವ್ಯತ್ಯಾಸ ಕಾಣದು ಎಂದಾದರೆ, ಆಗ ಹೇಗೋ ಉಸಿರಾಡಿಕೊಂಡು ಇರಬಹುದು. ಅದನ್ನು ತಿಳಿದುಕೊಳ್ಳದೆ ಇರಲಾರೆ ಎನ್ನಿಸಿತು.

ಒಂದು ಬೆಳಿಗ್ಗೆ, ಅದೇ ಹೊತ್ತಿಗೆ, ಕಪ್ಪು ಕೋಟನ್ನು ತೋಳ ಮೇಲೆ ಹಾಕಿಕೊಂಡು ಅವಳು ಇಸ್ಬೆಲ್‌ನ ಕೋಣೆಯ ಮುಂದೆ ನಿಂತಳು.

"ನಾನು ಅಲ್ಲಿಗೆ ಹೋಗ್ತೀನಿ," ಎಂದಳು. "ನೀನು ಬಟ್ಟೆ ತಂತಿ ಹತ್ರ ನಿಂತ್ಕೋ. ಅವತ್ತು ನಿಂತ ಜಾಗದಲ್ಲೇ. ನಾನು ಅಲ್ಲಿಂದ ಕೋಟು ಬೀಸ್ತೀನಿ. ಹೆಂಗೆ ಕಾಣುತ್ತೆ ಅಂತ ಹೇಳು."

"ಬೇಡ ಮಿಸೆಸ್ ನೋವಾಕ್. ಯಾಕೆ ಇದೆಲ್ಲ?"

"ಸುಳ್ಳು ಹೇಳ್ಬೇಡ, ಅಷ್ಟೇ. ಕಾಗೆ ಥರ ಕಂಡ್ರೆ ಕಾಗೆ ಅನ್ನು. ಮನುಷ್ಯನ ಥರ ಕಂಡ್ರೆ ಹಾಗೇ ಹೇಳು. ನಾನು ಅಳಲ್ಲ, ಕಿರುಚಲ್ಲ. ನಿನ್ನ ದಮ್ಮಯ್ಯ."

ಹುಡುಗಿ ಒಪ್ಪಿದಳು. ಡಲ್ಸಿ ನಡೆದಳು. ಕಾಲ ಕೆಳಗೆ ಉಪ್ಪು ಹಪ್ಪಳದಂತೆ ಮುರಿಯುತ್ತಿತ್ತು. ದಾರಿಯಲ್ಲಿ ಕ್ಲಾರಿ ನಿಲ್ಲಿಸಿದ ಪೀಪಾಯಿಗಳ ತುಕ್ಕಿನ ಬಳೆಗಳು ಮಾತ್ರ ಉಳಿದಿದ್ದವು. ಅವನು ಬಿದ್ದ ಜಾಗದಲ್ಲಿ ಹರ್ಟಲ್ ಒಂದು ಕಬ್ಬಿಣದ ಗೂಟ ಹೊಡೆದಿದ್ದ. ದಾರಿಯುದ್ದಕ್ಕೂ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಗೂಟದ ಹತ್ತಿರ ಬಂದು, ಕೋಟನ್ನು ಕೈಗೆ ತೆಗೆದುಕೊಂಡು, ಮನೆಯ ಕಡೆಗೆ ತಿರುಗಿದಳು.

ಮನೆ ಕಾಣುತ್ತಿತ್ತು.

ಕಾಗೆಯಂತೆ ಅಲ್ಲ, ಬಿಸಿಲ್ಗುದುರೆಯಂತೆ ಅಲ್ಲ, ಮನೆ ಮನೆಯಾಗಿಯೇ ಕಾಣುತ್ತಿತ್ತು. ಮನೆಯ ಪಕ್ಕಕ್ಕೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕಕ್ಕೆ ಒಂದು ದೊಡ್ಡ ಮರ, ಮರದ ಪಕ್ಕಕ್ಕೆ ಬಟ್ಟೆಯ ತಂತಿ. ಎಲ್ಲ ಚಿಕ್ಕದಾಗಿ, ಆದರೆ ಒಂದಕ್ಕೊಂದು ಅಳತೆ ಕೊಟ್ಟುಕೊಂಡು, ಬರೋಸಾ ಕಣಿವೆಯಲ್ಲಿದ್ದ ಹಾಗೆ ನಿಂತಿದ್ದವು. ತಂತಿಯ ಮೇಲೆ ಹೊರಡುವ ಮೊದಲು ಅವಳೇ ಹಾಕಿದ್ದ ದುಪ್ಪಟಿಗಳು ಬೆಳ್ಳಗೆ. ಅವುಗಳ ಮುಂದೆ ಹಳದಿ ಬಟ್ಟೆಯಲ್ಲಿ ಇಸ್ಬೆಲ್. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅದು ಹೆಂಗಸು, ಈ ಕಡೆಗೇ ಮುಖ ಮಾಡಿ ನಿಂತಿದ್ದಾಳೆ. ಇಸ್ಬೆಲ್ ಬಿಸಿಲು ತಾಳಲಾರದೆ ಏನೋ, ಒಂದು ಗಳಿಗೆ ಒಳಗೆ ಹೋದಳು. ಜಾಲರಿ ಬಾಗಿಲು ತೆರೆದು ಮುಚ್ಚಿದಾಗ ಬಿಸಿಲಿಗೆ ಮಿಂಚಿದ್ದೂ ಇಲ್ಲಿಗೆ ಕಂಡಿತು.

ಕ್ಲಾರಿ ನೋಡಿದ್ದ.

ಇಷ್ಟು ದಿನ ಅವಳು ತನಗೆ ಏನು ಕಂಡಿತು ಎಂದೇ ಕೊರಗಿದ್ದಳು. ಅವನಿಗೆ ಏನು ಕಂಡಿತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನಿಗೆ ಎಲ್ಲ ಕಂಡಿತ್ತು. ಬಿಳಿ ದುಪ್ಪಟಿಗಳ ನಡುವೆ ಹೆಂಡತಿ ಬಟ್ಟೆ ಹರವುವುದು ಕಂಡಿತ್ತು. ಅವಳು ಕೆಲಸ ಬಿಟ್ಟು ತನ್ನ ಕಡೆ ತಿರುಗಿ ನಿಂತದ್ದು ಕಂಡಿತ್ತು. ಕಂಡಳು, ನೋಡಿದಳು, ಇನ್ನು ಬದುಕಿದೆ ಎಂದು ಮುರಿದ ಕಾಲ ಮೇಲೆ ನಿಂತು ಕೋಟು ಬೀಸಿದ್ದ. ಅವಳು ನೋಡುತ್ತಲೇ ನಿಂತಿದ್ದಳು. ಮತ್ತೆ ಬೀಸಿದ್ದ. ಆಮೇಲೆ ಅವಳು ಕೊನೆಯ ದುಪ್ಪಟಿಯನ್ನು ಹರವಿ, ಬೆನ್ನು ತಿರುಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಅವನು ಅದನ್ನು ಏನೆಂದು ತಿಳಿದುಕೊಂಡು ಸತ್ತನೋ. ಕಾಗೆ ಎಂದುಕೊಂಡಿದ್ದಾಳೆ ಎಂದು ಹೊಳೆದಿರಬಹುದೇ? ತಾನೇ ಕಲಿಸಿದ ವಿದ್ಯೆ ಎಂದು ನೆನಪಾಗಿರಬಹುದೇ? ಅಥವಾ ಬಾಯಾರಿ ಬಾಯಾರಿ ತಲೆ ಕೆಟ್ಟಿದ್ದ ಮನುಷ್ಯನಿಗೆ, ನನ್ನ ಹೆಂಡತಿ ನನ್ನನ್ನು ನೋಡಿಯೂ ಒಳಗೆ ಹೋದಳು ಎಂಬುದೊಂದೇ ಉಳಿದಿತ್ತೇ? ಕೇಳೋಣವೆಂದರೆ ಅವನಿಲ್ಲ. ಹೇಳೋಣವೆಂದರೂ ಅವನಿಲ್ಲ.

ಡಲ್ಸಿ ಕೋಟನ್ನು ಬೀಸಲಿಲ್ಲ. ಅದನ್ನು ಎದೆಗೆ ಅವುಚಿಕೊಂಡು ಗೂಟದ ಪಕ್ಕ ಬಹಳ ಹೊತ್ತು ನಿಂತಿದ್ದು, ಬಂದ ದಾರಿಯಲ್ಲೇ ಮನೆಗೆ ಬಂದಳು.

ಇಸ್ಬೆಲ್ ತಂತಿಯ ಹತ್ತಿರ ಕಾಯುತ್ತಿದ್ದಳು. ಕಣ್ಣು ಕೆಂಪಗಾಗಿತ್ತು. ಡಲ್ಸಿ ಕೇಳುವ ಮೊದಲೇ, "ಕಾಗೆ ಥರಾನೇ ಕಂಡ್ರಿ," ಎಂದಳು. "ದೇವರಾಣೆ ಮಿಸೆಸ್ ನೋವಾಕ್. ನೀವು ಕೋಟು ಬೀಸಿದಾಗ ಥೇಟ್ ರೆಕ್ಕೆ ಬಿಚ್ಚಿದ ಹಾಗೇ ಇತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ."

ಡಲ್ಸಿ ಆ ಹುಡುಗಿಯ ಮುಖವನ್ನೇ ನೋಡಿದಳು. ಸುಳ್ಳಿಗೆ ಸಿಟ್ಟು ಮಾಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಹೌದು ಮಗಳೇ," ಎಂದಳು. "ಒಳಗೆ ಹೋಗು. ಬಿಸಿಲು."

ಮಾರನೆಯ ಬೆಳಿಗ್ಗೆ ಬಟ್ಟೆ ಹರವುವಾಗ ಕೆರೆಯ ಮೇಲೆ ಕಪ್ಪಗೆ ಒಂದು ಚೂರು ನಿಂತಿತ್ತು. ನೋಡುತ್ತಿದ್ದ ಹಾಗೆ ರೆಕ್ಕೆ ಬಿಚ್ಚಿತು, ಮಡಚಿತು. ಕಾಗೆಯೆಂದು ಅವಳಿಗೆ ಗೊತ್ತಿತ್ತು. ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿ, ತಂತಿಯಿಂದ ಮುಂದಕ್ಕೆ ಬಂದು, ಕೆರೆಯಿಂದ ಚೆನ್ನಾಗಿ ಕಾಣುವ ಕಡೆ ನಿಂತು, ಕೈಯನ್ನು ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತರಕ್ಕೆ ಎತ್ತಿದಳು. ಅದು ಹಾರಿಹೋಗುವವರೆಗೂ ಇಳಿಸಲಿಲ್ಲ.

ಕಾರವೀನಾದಲ್ಲಿ ಅವಳಿದ್ದಷ್ಟು ವರ್ಷವೂ ಹಾಗೇ ನಡೆಯಿತು. ಹೊಸಬರು ನಕ್ಕರು, ಹಳಬರು ಅವರನ್ನು ಗದರಿಸಿದರು. ಕೆರೆಯ ಮೇಲೆ ಕಪ್ಪಗೆ ಏನು ಕಂಡರೂ ಮುದುಕಿ ಕೆಲಸ ಬಿಟ್ಟು ಕೈಯೆತ್ತಿ ನಿಲ್ಲುತ್ತಿದ್ದಳು, ಅದು ಹೋದ ಮೇಲೆಯೇ ಒಳಗೆ ಹೋಗುತ್ತಿದ್ದಳು.